ಅಪ್‌ಡೇಟ್: ಅಪ್ಪನ ಆಕ್ಸಿಜನ್ ಏರದಿದ್ದಕ್ಕೆ ಕಾರಣ ಸಿಕ್ಕಿತು

ಕೋವಿಡ್ ಜ್ವರ ಬಿಟ್ಟ ಮೇಲೂ ಅಪ್ಪನ ಆಕ್ಸಿಜನ್ 88ರ ಆಸುಪಾಸಿನಲ್ಲೇ ನಿಂತಿದೆ, ಯಾಕೆ ಅಂತ ಕೇಳಿದ್ದೆನಲ್ಲ, ಅಪ್ಪ ಈಗ ಮನೆಗೆ ಬಂದಿದ್ದಾರೆ.

ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬಗ್ಗೆ ಡಾಕ್ಟರನ್ನು ಕೇಳಿ ಎಂದವರಿಗೆ ದೊಡ್ಡ ನಮಸ್ಕಾರ. ಅದರಲ್ಲೇ ಗೊತ್ತಾಯಿತು, ಬಲ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೊದಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟರು. ಈಗ ಅದೇ ಕೆಲಸ ಮಾಡುವ ಅಪಿಕ್ಸಾಬಾನ್ ಮಾತ್ರೆ, ಕನಿಷ್ಠ 3 ತಿಂಗಳು.

ಹಬೆಯಿಂದ ಏನೂ ಆಗಲಿಲ್ಲ. ಬೋರಲು ಮಲಗಿಸಿದಾಗ ಸ್ವಲ್ಪ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಡಿ-ಡೈಮರ್ (ಹೆಪ್ಪಿನ ಸುಳಿವು ಕೊಡುವ ರಕ್ತಪರೀಕ್ಷೆ) ಜಾಸ್ತಿಯೇ ಇತ್ತು, ಆದರೆ ಬರೀ ಸೋಂಕಿದ್ದರೂ ಅದು ಏರುತ್ತದೆ. ಅದೊಂದನ್ನೇ ನೋಡಿ ಹೆಪ್ಪು ಇದೆ ಅನ್ನುವ ಹಾಗಿಲ್ಲ.

ತುಂಬಾ ಆಶ್ಚರ್ಯವಾಗಿದ್ದು ಬೇರೆ. ಹೆಪ್ಪು ಕಾಲಿನಿಂದ ಮೇಲಕ್ಕೆ ಬರುತ್ತದೆ ಅಂತ ಕೇಳಿದ್ದೆವು, ಅಲ್ವಾ? ಅಪ್ಪನ ಕಾಲಿನ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಪೂರ್ತಿ ಸರಿಯಿತ್ತು! ವೈರಸ್‌ನಿಂದ ಉರಿಯೂತ ಜಾಸ್ತಿಯಾಗಿ ರಕ್ತನಾಳದ ಒಳಪದರಕ್ಕೆ ಪೆಟ್ಟಾದರೆ ಶ್ವಾಸಕೋಶದಲ್ಲೇ ಹೆಪ್ಪು ಕಟ್ಟಬಹುದಂತೆ. 2020ರ ಒಂದು ಶವಪರೀಕ್ಷೆ ಅಧ್ಯಯನದಲ್ಲಿ, ಫ್ಲೂಗಿಂತ ಕೋವಿಡ್‌ನಲ್ಲಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಹೆಪ್ಪು 9 ಪಟ್ಟು ಜಾಸ್ತಿ ಕಂಡಿತ್ತು.

ಯಾರೋ ಮನೆಯಲ್ಲೇ ಆಸ್ಪಿರಿನ್ ಕೊಡಿ ಎಂದಿದ್ದರು. ಡಾಕ್ಟರ್ ಖಡಾಖಂಡಿತ ಬೇಡ ಎಂದರು. ಅಪಿಕ್ಸಾಬಾನ್ ಜೊತೆ ಸುಮ್ನೆ ನೋವಿನ ಮಾತ್ರೆಯನ್ನೂ ನುಂಗಬಾರದು, ರಕ್ತಸ್ರಾವ ಆಗಬಹುದು. ಮಲ ಕಪ್ಪಗಾದರೆ ತಕ್ಷಣ ಬರಲು ಹೇಳಿದ್ದಾರೆ.