ವೆನಿಸ್‌ನಲ್ಲಿ ವೀಲ್‌ಚೇರ್: ಮನೆ ಎಲ್ಲಿ ಹಿಡಿಯೋದು?

ಹೇಮಾವತಿ_ತೀರ: ತಮ್ಮ ಓದಲು 6 ತಿಂಗಳು ವೆನಿಸ್‌ಗೆ ಹೊರಟಿದ್ದಾನೆ. ಕೈಯಲ್ಲಿ ತಳ್ಳಿಕೊಳ್ಳುವ ವೀಲ್‌ಚೇರ್, ಒಬ್ಬನೇ ಇರಬೇಕು. ಊರಲ್ಲಿ 400ಕ್ಕೂ ಹೆಚ್ಚು ಸೇತುವೆ, ಬಹುಪಾಲು ಮೆಟ್ಟಿಲಿನವು. ಮನೆ ಎಲ್ಲಿ ನೋಡಬೇಕು? ಕುರ್ಚಿಯಲ್ಲಿ ಏನಾದರೂ ಬದಲಾಯಿಸಬೇಕಾ?

ದೋಣಿದಾರಿ: ಬೀದಿ ನೋಡಬೇಡಿ, ದ್ವೀಪ ನೋಡಿ. ಮನೆ ಮತ್ತು ವಪೊರೆತ್ತೊ (ಅಲ್ಲಿನ ದೋಣಿ ಬಸ್ಸು) ನಿಲ್ದಾಣ ಎರಡೂ ಒಂದೇ ದ್ವೀಪದ ತುಂಡಿನ ಮೇಲಿದ್ದರೆ ಅರ್ಧ ಗೆದ್ದ ಹಾಗೆ. ವಿಳಾಸ ಓದಿ ಇದು ಗೊತ್ತಾಗಲ್ಲ, ಏಕೆಂದರೆ ಮನೆ ನಂಬರು ಬೀದಿಗಲ್ಲ, ಇಡೀ ಪೇಟೆಗೆ ಸಾಲಾಗಿ ಕೊಟ್ಟಿರುತ್ತಾರೆ. ಮಾಲೀಕರಿಂದ ಮ್ಯಾಪಿನ ಪಿನ್ ತರಿಸಿಕೊಂಡು, ನಡುವೆ ಕಾಲುವೆ ಅಡ್ಡ ಬರುತ್ತದಾ ಅಂತ ಬೆರಳಿಟ್ಟು ನೋಡಿ.

ದೊಡ್ಡ ಕಾಲುವೆ (ಊರ ನಡುವೆ ಹರಿಯುವ ಗ್ರ್ಯಾಂಡ್ ಕೆನಾಲ್) ದಾಟಲು ಸೇತುವೆಯೇ ಬೇಡ. 1ನೇ ನಂಬರಿನ ದೋಣಿ ಆ ದಡ ಈ ದಡ ಅಂತ ಅಡ್ಡಾದಿಡ್ಡಿ ಹೋಗುತ್ತದೆ. ಸಾನ್ ತೊಮಾದಲ್ಲಿ ಹತ್ತಿ ಸಾಂತ್ ಆಂಜೆಲೊದಲ್ಲಿ ಇಳಿದರೆ ಆಚೆ ದಡ. 1 ಮತ್ತು 2ರ ದೋಣಿಗಳಲ್ಲಿ ವೀಲ್‌ಚೇರ್‌ಗೆ ಜಾಗ ಧಾರಾಳ, 4.1, 5.1 ಥರದವು ಚಿಕ್ಕವು, ಅವನ್ನೇ ನಂಬಿ ಮನೆ ಹಿಡಿಯಬೇಡಿ.

ಲಿಫ್ಟ್ ಇದೆ ಅಂದರೆ ಅಳತೆ ಕೇಳಿ: ಕನಿಷ್ಠ ಬಾಗಿಲು 75 ಸೆಂ.ಮೀ., ಒಳಗೆ 80×120. ಲಿಫ್ಟ್‌ಗೆ ಮುಂಚೆ ಎಷ್ಟು ಮೆಟ್ಟಿಲು ಅಂತಲೂ ಕೇಳಿ, ಅದನ್ನು ಯಾರೂ ತಾವಾಗಿ ಹೇಳಲ್ಲ.

ಹೇಮಾವತಿ_ತೀರ: ಬಸ್‌ಸ್ಟ್ಯಾಂಡ್‌ನಿಂದ ರೈಲ್ವೆ ಸ್ಟೇಷನ್‌ಗೆ ಹೋಗುವ ಗಾಜಿನ ಮೆಟ್ಟಿಲ ಸೇತುವೆಗೆ ತೊಟ್ಟಿಲಿನಂಥ ಲಿಫ್ಟ್ ಇದೆಯಂತಲ್ಲ?

ದೋಣಿದಾರಿ: ಇತ್ತು. ಸೇತುವೆ 2008ರದ್ದು, ಆ ತೊಟ್ಟಿಲನ್ನು 2020ರಲ್ಲಿ ಕಿತ್ತು ಹಾಕಿದರು. ಅಲ್ಲಿಯೂ ದೋಣಿಯೇ ಗತಿ, ಒಂದೇ ಸ್ಟಾಪು.

ಸ್ಪ್ಯಾನರ್_ಪಾನಾ: ನೆಲ ಪ್ರಾಗ್, ರೋಮ್ ಥರ ಗುಂಡುಕಲ್ಲಲ್ಲ, ಚಪ್ಪಟೆ ಹಾಸುಗಲ್ಲು, ಗಾಲಿ ಚೆನ್ನಾಗಿ ಉರುಳುತ್ತದೆ. ತೊಂದರೆ ಕೊಡೋದು ದೋಣಿ ಮತ್ತು ತೇಲುಕಟ್ಟೆಯ (ನೀರಿನ ಮೇಲೆ ತೇಲುವ ದೋಣಿ ನಿಲ್ದಾಣ) ನಡುವಿನ ಸಂದು. 4–5 ಇಂಚಿನ ಗಟ್ಟಿ ಮುಂಗಾಲಿ (ಕುರ್ಚಿಯ ಮುಂದಿನ ಪುಟ್ಟ ಗಾಲಿ) ಅದರಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ಮುಗ್ಗರಿಸೋದು ಖಂಡಿತ. 6 ಇಂಚಿನ ಮೆತ್ತನೆ, ಅಗಲದ ಗಾಲಿ ಹಾಕಿಸಿ, ಮೊದಲು ಫೋರ್ಕ್‌ಗೆ (ಆ ಗಾಲಿಯನ್ನು ಹಿಡಿದಿರುವ ಕವೆಗೆ) ಹಿಡಿಸುತ್ತದಾ ನೋಡಿ. ಎತ್ತರ ವ್ಯತ್ಯಾಸ ಹೆಚ್ಚಿದ್ದರೆ ಹಿಮ್ಮುಖವಾಗಿ, ದೊಡ್ಡ ಗಾಲಿ ಮೊದಲು. ದೋಣಿಯ ಗೇಟಿನ ಸಿಬ್ಬಂದಿ ಎತ್ತಲು ಕೈ ಜೋಡಿಸುತ್ತಾರೆ, ಆದರೆ ಕುರ್ಚಿಯ ಯಾವ ಭಾಗ ಹಿಡಿಯಬೇಕು ಅಂತ ಮುಂಚೆಯೇ ತೋರಿಸಬೇಕು. ಕೈಗೆ ಕಳಚಿ ಬರುವ ಆರ್ಮ್‌ರೆಸ್ಟ್ ಹಿಡಿದು ಎತ್ತಿದರೆ ಕೆಲಸ ಕೆಟ್ಟಿತು.

ಉಪ್ಪುನೀರು ತಾಗಿದ ದಿನ ಸಿಹಿನೀರಿನ ಒದ್ದೆಬಟ್ಟೆಯಲ್ಲಿ ಒರೆಸಿ. ಪೈಪು ಹಿಡಿದು ಬೇರಿಂಗಿಗೆ ನೀರು ಹೊಡೆಯಬಾರದು. ವಾರಕ್ಕೊಮ್ಮೆ ಕ್ವಿಕ್-ರಿಲೀಸ್ ಆಕ್ಸಲ್ (ಗುಂಡಿ ಒತ್ತಿ ದೊಡ್ಡ ಗಾಲಿ ಕಳಚುವ ಅಚ್ಚು) ಎಳೆದು ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ. ಇಲ್ಲದಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮುಂಗಾಲಿಯ ಬೇರಿಂಗ್ ಬಹಳ ಕುರ್ಚಿಗಳಲ್ಲಿ 608 ಅನ್ನುವ ಅಳತೆಯದು. ನಿಮ್ಮದೂ ಅದೇ ಆದರೆ ಸೀಲ್ ಇರುವಂಥದ್ದು ನಾಲ್ಕು ಜೊತೆಗಿಡಿ.

ಉಬ್ಬರ_ಇಳಿತ: ಬಿಟ್ಟುಹೋದದ್ದು ಒಂದು. ಉಬ್ಬರ 110 ಸೆಂ.ಮೀ. ಮುಟ್ಟುವ ಸೂಚನೆಯಿದ್ದರೆ ಸಮುದ್ರದ ಬಾಯಿಯಲ್ಲಿ ಉಬ್ಬರ ತಡೆಯುವ ಮೋಸೆ ಗೇಟುಗಳನ್ನು ಏರಿಸುತ್ತಾರೆ, 2020ರಿಂದ. ಆದರೆ ಉಬ್ಬರ ಸುಮಾರು 80 ಸೆಂ.ಮೀ. ಮುಟ್ಟಿದರೇ ಊರ ತಗ್ಗಿನ ಸಾನ್ ಮಾರ್ಕೊ ಚೌಕದಲ್ಲಿ ನೀರು. ಆಗ ಹಾಕುವ ಹಲಗೆದಾರಿ ಕಿರಿದು, ಹತ್ತಲು ಮೆಟ್ಟಿಲು. ಅಕ್ಟೋಬರ್‌ನಿಂದ ಚಳಿಗಾಲ ಮುಗಿಯುವವರೆಗೂ ಹೊರಡುವ ಮುನ್ನ ನಗರದ ಉಬ್ಬರ ಮುನ್ಸೂಚನೆ ನೋಡಲೇಬೇಕು. ಇಳಿತವೂ ಕಾಟವೇ: ನೀರು ತಗ್ಗಿದಾಗ ತೇಲುಕಟ್ಟೆ ಕೆಳಗಿಳಿದು ದಡದ ಹಲಗೆ ಕಡಿದಾಗುತ್ತದೆ, ಒಬ್ಬರೇ ಹತ್ತೋದು ಕಷ್ಟ.