ಏರು ಹತ್ತುವಾಗ ಮಿಸ್ಸಿಂಗ್, ಪಿ0302 ಕೋಡ್: ಕಾಯಿಲ್ ಬದಲಿಸುವ ಮೊದಲು ಏನೇನು ನೋಡಬೇಕು?

ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಏರು ಹತ್ತುವಾಗ, ಇಲ್ಲಾ ಓವರ್‌ಟೇಕ್ ಮಾಡಲು ಜೋರಾಗಿ ಆಕ್ಸಿಲರೇಟರ್ ತುಳಿದಾಗ ಜರ್ಕ್ ಹೊಡೆಯುತ್ತದೆ, ಚೆಕ್ ಎಂಜಿನ್ ಲೈಟು ಮಿಣುಕುತ್ತದೆ. ಸ್ಕ್ಯಾನ್ ಮಾಡಿಸಿದರೆ ಪಿ0302 ಬಂತು. ನಾಲ್ಕೂ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ), ನಾಲ್ಕೂ ಪ್ಲಗ್ (ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಭಾಗ) ಒಟ್ಟಿಗೆ ಬದಲಿಸಿಬಿಡಿ ಅನ್ನುತ್ತಿದ್ದಾರೆ ಗ್ಯಾರೇಜಿನವರು. ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಮನೆಯಲ್ಲೇ ಏನಾದರೂ ನೋಡಬಹುದಾ? ಈ ತೊಂದರೆ ಕಂಡವರು ದಯವಿಟ್ಟು ಅನುಭವ ಹೇಳಿ.

* * *

ಮೊದಲು ಒಂದು ಮಾತು. ಲೈಟು ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ಆ ಕ್ಷಣವೇ ಆಕ್ಸಿಲರೇಟರ್ ಬಿಡಿ. ಕಿಡಿ ಬೀಳದೆ ಉಳಿದ ಪೆಟ್ರೋಲು ಹಾಗೇ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಬಿಸಿ ಮಿತಿಮೀರಿ ಒಳಗಿನ ಸೆರಾಮಿಕ್ಕೇ ಕರಗುತ್ತದೆ. ಕಾಯಿಲ್ ಸಣ್ಣ ಖರ್ಚು, ಕನ್ವರ್ಟರ್ ಹಾಗಲ್ಲ.

ಪಿ0302 ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಅಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಅಂತ, ಅಷ್ಟೇ. ಕಾಯಿಲ್ ಹೋಗಿದೆ ಅಂತ ಆ ಕೋಡ್ ಎಲ್ಲೂ ಹೇಳುವುದಿಲ್ಲ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ತಿರುಗುವ ವೇಗವನ್ನು ಗಮನಿಸುತ್ತಿರುತ್ತದೆ, ಎರಡನೇ ಸಿಲಿಂಡರಿನ ಸರದಿ ಬಂದಾಗಲೆಲ್ಲ ವೇಗ ಕುಸಿದರೆ ಈ ಕೋಡ್ ಬರೆದಿಡುತ್ತದೆ. ಕಾರಣ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರಿನ ಒತ್ತಡ ಅಂದರೆ ಕಂಪ್ರೆಷನ್, ಏನು ಬೇಕಾದರೂ ಇರಬಹುದು. ಕಾಯಿಲಿನ ಸರ್ಕ್ಯೂಟೇ ಕೆಟ್ಟಿದೆ ಅಂತ ಇಸಿಯುಗೆ ಗೊತ್ತಾದರೆ ಪಿ0352 ಅನ್ನುವ ಬೇರೆ ಕೋಡ್ ಬರುತ್ತದೆ. ನಿಮಗೆ ಅದು ಬಂದಿಲ್ಲ, ಅಲ್ವಾ?

ಹಾಗಾಗಿ ಈಗಲೇ ಏನೂ ಕೊಳ್ಳಬೇಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡನೇ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಪ್ಲಗ್ ಮುಟ್ಟಬೇಡಿ. ಕೋಡ್ ಅಳಿಸಿ, ಅದೇ ಏರಿನಲ್ಲಿ ಸ್ವಲ್ಪ ದೂರ ಹೋಗಿ. ಕೋಡ್ ಪಿ0303ಕ್ಕೆ ಹೋದರೆ ಕಾಯಿಲೇ ಕಳ್ಳ. ಪಿ0302ರಲ್ಲೇ ನಿಂತರೆ ಆಮೇಲೆ ಪ್ಲಗ್ ಅದಲು ಬದಲು ಮಾಡಿ, ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಒಂದು ಸಲಕ್ಕೆ ಒಂದೇ ವಸ್ತು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ. ಯಾವ ಕಡೆಯಿಂದ ಒಂದನೇ ಸಿಲಿಂಡರ್ ಅಂತ ಮ್ಯಾನ್ಯುವಲ್ ನೋಡಿಯೇ ಎಣಿಸಿ, ಎಲ್ಲ ಕಾರಿಗೂ ಒಂದೇ ತರಹ ಇರುವುದಿಲ್ಲ.

ನಿಮ್ಮದರಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಇದ್ದರೆ ಮಾತ್ರ ಈ ಲೆಕ್ಕ. ಕೆಲವು ಗಾಡಿಗಳಲ್ಲಿ ಒಂದು ಮತ್ತು ನಾಲ್ಕಕ್ಕೆ ಒಂದು ಕಾಯಿಲ್, ಎರಡು ಮತ್ತು ಮೂರಕ್ಕೆ ಇನ್ನೊಂದು ಇರುತ್ತದೆ. ಅಂಥದ್ದರಲ್ಲಿ ಕಾಯಿಲ್ ಪೂರ್ತಿ ಹೋದರೆ ಪಿ0302, ಪಿ0303 ಹೀಗೆ ಜೋಡಿ ಕೋಡ್ ಬರುತ್ತದೆ.

ಪ್ಲಗ್ ಬಿಚ್ಚಿದಾಗ ತುದಿ ನೋಡಿ ಸುಮ್ಮನಾಗಬೇಡಿ. ಬಿಳಿ ಪಿಂಗಾಣಿ ಭಾಗವನ್ನು ಬೆಳಕಿಗೆ ಹಿಡಿದು ಪೂರ್ತಿ ತಿರುಗಿಸಿ. ಮೇಲಿನಿಂದ ಕೆಳಗೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಇದೆಯಾ? ಅದು ಕರೆಂಟು ಹೊರಗಿನಿಂದ ಜಾರಿ ಹೋದ ದಾರಿ. ಆ ಗೆರೆಗೆ ಎದುರಾಗಿ ಪ್ಲಗ್ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟ್ ಒಳಗೂ ಅಂಥದೇ ಗೆರೆ ಸಿಗುತ್ತದೆ, ಟಾರ್ಚ್ ಬಿಟ್ಟು ನೋಡಿ. ಎರಡರಲ್ಲಿ ಒಂದನ್ನೇ ಬದಲಿಸಿದರೆ ಹೊಸದೂ ಬೇಗ ಸುಡುತ್ತದೆ. ಪಿಂಗಾಣಿ ಲೋಹದೊಳಗೆ ಇಳಿಯುವ ಜಾಗದಲ್ಲಿ ಸುತ್ತ ಕಂದು ಬಳೆಯಂಥ ಕಲೆ ಕಂಡರೆ ಹೆದರಬೇಡಿ, ಚೆನ್ನಾಗಿರುವ ಪ್ಲಗ್‌ನಲ್ಲೂ ಅದು ಬರುತ್ತದೆ. ಆ ಕಲೆ ತೋರಿಸಿಯೇ ಪ್ಲಗ್ ಎಸೆಸುವುದನ್ನು ಜಾಸ್ತಿ ನೋಡಿದ್ದೇನೆ.

ಏರಿನಲ್ಲೇ ಯಾಕೆ ಅಂದರೆ, ಜೋರಾಗಿ ತುಳಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬುತ್ತದೆ, ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಸವೆದ ಪ್ಲಗ್‌ನಲ್ಲಿ ಕಿಡಿ ಹಾರುವ ಗ್ಯಾಪ್ ದೊಡ್ಡದಾಗಿರುತ್ತದೆ, ಉದಾಹರಣೆಗೆ 1.1 ಮಿ.ಮೀ. ಇರಬೇಕಾದ್ದು ಇನ್ನೂ ಅಗಲವಾದರೆ ಕಾಯಿಲ್ ಅಷ್ಟೂ ಹೊತ್ತು ಏದುಸಿರು ಬಿಡುತ್ತಿರುತ್ತದೆ. ಕೊನೆಗೆ ಆ ಇಪ್ಪತ್ತು ಮೂವತ್ತು ಸಾವಿರ ವೋಲ್ಟು ಗ್ಯಾಪ್ ಬಿಟ್ಟು ರಬ್ಬರನ್ನೇ ಸೀಳಿಕೊಂಡು ಹೋಗುತ್ತದೆ. ಕಾಯಿಲನ್ನು ಕೊಂದದ್ದು ಹಳೆ ಪ್ಲಗ್, ಆದರೆ ಬದಲಾಗುವುದು ಕಾಯಿಲ್ ಮಾತ್ರ. ಇದೇ ನನಗೆ ಬೇಸರ.

* * *

ಮೇಲೆ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಕಾಯಿಲ್ ಎಳೆದಾಗ ಬೂಟ್ ತುದಿ ಎಣ್ಣೆ ಎಣ್ಣೆ ಇತ್ತಾ ನೋಡಿ. ನಮ್ಮ ಕಾರಿನಲ್ಲಿ ಒಂದೇ ಸಿಲಿಂಡರಿನ ಕಾಯಿಲ್ ಮತ್ತೆ ಮತ್ತೆ ಹೋಗುತ್ತಿತ್ತು, ಹಾಕಿದ್ದೆಲ್ಲ ಒಳ್ಳೆಯ ಕಾಯಿಲೇ. ಟ್ಯಾಪೆಟ್ ಕವರಿನ (ಎಂಜಿನ್ ಮೇಲಿನ ಮುಚ್ಚಳದ) ಪ್ಯಾಕಿಂಗ್ ಮತ್ತು ಪ್ಲಗ್ ಕೂರುವ ಗುಂಡಿಯ ಸೀಲು ಗಟ್ಟಿಯಾಗಿ ಎಂಜಿನ್ ಆಯಿಲ್ ಗುಂಡಿಯೊಳಗೆ ಇಳಿದು ನಿಲ್ಲುತ್ತಿತ್ತು. ಆಯಿಲ್ ತಾಗಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಕರೆಂಟು ಸೋರುತ್ತದೆ. ಪ್ಯಾಕಿಂಗ್ ಹಾಕಿಸಿದ ಮೇಲೆ ಆ ಕಾಟ ನಿಂತಿತು. ಒಂದು ಎಚ್ಚರಿಕೆ: ಗುಂಡಿಯಲ್ಲಿ ಆಯಿಲ್ ಇರುವಾಗಲೇ ಪ್ಲಗ್ ಬಿಚ್ಚಿದರೆ ಅದೆಲ್ಲ ಸಿಲಿಂಡರಿಗೆ ಇಳಿಯುತ್ತದೆ. ಮೊದಲು ಬಟ್ಟೆಯಿಂದ ಹೀರಿಸಿ ತೆಗೆಯಿರಿ. ದೂಳು, ಮರಳು ಇದ್ದರೆ ಗಾಳಿ ಹೊಡೆದು ತೆಗೆಯಿರಿ.

* * *

ಎಂಜಿನ್ ತೊಳೆಸಿದ್ದೀರಾ ಇತ್ತೀಚೆಗೆ? ಪ್ರೆಷರ್ ನೀರು ಬಿಟ್ಟ ಮಾರನೇ ದಿನವೇ ನನ್ನದು ಮಿಸ್ ಹೊಡೆಯಲು ಶುರುವಾಯಿತು. ಗುಂಡಿಯಲ್ಲಿ ನೀರು ನಿಂತಿತ್ತು. ಒಣಗಿಸಿದೆ, ಸರಿಹೋಯಿತು. ಕಾಯಿಲಿಗೆ ವೈರು ಸೇರುವ ಕಪ್ಲರ್ ಕೂಡ ಬಿಚ್ಚಿ ನೋಡಿ. ಒಳಗೆ ಹಸಿರು ತುಕ್ಕು, ಮುರಿದ ಲಾಕ್, ಸಡಿಲ ಪಿನ್ ಎಲ್ಲ ಸಿಗುತ್ತವೆ. ಬಿಸಿಗೆ ಲಾಕ್ ಪ್ಲಾಸ್ಟಿಕ್ ಹಪ್ಪಳ ಆಗಿರುತ್ತದೆ, ಜೋರು ಮಾಡಬೇಡಿ.

* * *

ಕೇಳಿದವನು ನಾನೇ. ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಮಲ್ಟಿಮೀಟರ್ ಇದೆ, ಕಾಯಿಲ್ ಓಮ್ ಅಳೆದರೆ ಸಾಕಲ್ವಾ? ಇನ್ನೊಂದು, ಒಂದೆರಡು ಸಲ ಗಾಡಿ ಬಿಸಿಯಾದ ಮೇಲೆ ನಿಂತುಹೋಯಿತು. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ತಣ್ಣಗಾದ ಮೇಲೆ ತಾನಾಗಿ ಸ್ಟಾರ್ಟ್ ಆಯಿತು. ಇದೂ ಕಾಯಿಲಿನದ್ದೇನಾ?

* * *

ಓಮ್ ಅಳತೆಯನ್ನು ಅಷ್ಟು ನಂಬಬೇಡಿ. ಕಾಯಿಲ್ ಕಪ್ಲರಿನಲ್ಲಿ ಎರಡೇ ಪಿನ್ ಇದ್ದರೆ ಒಳಗಿನ ಪ್ರೈಮರಿ ಸುರುಳಿ ಸಾಮಾನ್ಯವಾಗಿ 0.4ರಿಂದ 2 ಓಮ್ ನಡುವೆ ತೋರಿಸುತ್ತದೆ. ಮೂರು ಅಥವಾ ನಾಲ್ಕು ಪಿನ್ ಇದ್ದರೆ ಸಾಮಾನ್ಯವಾಗಿ ಒಳಗೇ ಟ್ರಾನ್ಸಿಸ್ಟರ್ ಇರುತ್ತದೆ, ಆಗ ಅಳೆದ ಸಂಖ್ಯೆಗೆ ಅರ್ಥವೇ ಇಲ್ಲ. ಎರಡು ಪಿನ್ನಿನದೂ ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಾದ ಮೇಲೆ ಕೈಕೊಡಬಹುದು. ಅದರ ಬದಲು ಕೀ ಆನ್ ಮಾಡಿ ಕಪ್ಲರಿಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯಾ, ಅರ್ತ್ ಪಿನ್ ಇದ್ದರೆ ಅದು ಗಟ್ಟಿ ಇದೆಯಾ ನೋಡಿ. ಹಳೇ ಗಾಡಿಗಳಲ್ಲಿ ವೈರ್ ಎಳೆದು ಎಂಜಿನ್ ಹತ್ತಿರ ಹಿಡಿದು ಕಿಡಿ ನೋಡುತ್ತಿದ್ದರಲ್ಲ, ಅದನ್ನು ಈ ಗಾಡಿಗಳಲ್ಲಿ ದಯವಿಟ್ಟು ಮಾಡಬೇಡಿ. ಕಾಯಿಲ್ ಡ್ರೈವರ್, ಇಸಿಯು ಹೋಗಬಹುದು, ನಿಮಗೂ ಏಟು ಬೀಳುತ್ತದೆ. ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ, ಅದನ್ನೇ ಬಳಸಿ.

ಬಿಸಿಯಲ್ಲಿ ನಿಲ್ಲುವುದು ಬೇರೆ ಕಾಯಿಲೆ ಅಂತ ನನಗೆ ಅನ್ನಿಸುತ್ತದೆ. ಒಂದು ಕಾಯಿಲ್ ಹೋದರೆ ಗಾಡಿ ಮೂರರಲ್ಲಿ ಗಡಗಡ ಅಂತಾದರೂ ಓಡುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಾಲ್ಕಕ್ಕೂ ಒಟ್ಟಿಗೆ ಕಿಡಿ ನಿಂತರೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಮುಂದಿನ ಸಲ ನಿಂತಾಗ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗು. ಆ ಸೆನ್ಸರಿನ ಕೋಡ್ ಪಿ0335 ಬಂದಿರಬಹುದು, ಎಷ್ಟೋ ಸಲ ಬಂದೇ ಇರುವುದಿಲ್ಲ. ಅದಕ್ಕೇ ಬಿಸಿ ಇರುವಾಗಲೇ ಪರೀಕ್ಷೆ ಮಾಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿ ಇದೆ ಅನ್ನುತ್ತಾರೆ, ಅವರನ್ನೂ ದೂರುವ ಹಾಗಿಲ್ಲ.

ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ಆಫ್ ಆಗಿ, ಕೀ ಗುರುತಿನ ಲೈಟು ಮಿಣುಕಿದರೆ ಅದು ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ). ಇನ್ನೊಂದು ಕೀ ಹಾಕಿ ನೋಡಿ.

* * *

ಕಾಯಿಲ್ ಅದಲು ಬದಲು ಮಾಡಿದೆ, ಕೋಡ್ ಪಿ0303 ಆಯಿತು! ಎರಡನೇ ಗುಂಡಿಯಲ್ಲಿ ಸ್ವಲ್ಪ ಆಯಿಲೂ ಇತ್ತು. ಈಗ ನಾಲ್ಕೂ ಬದಲಿಸಲೇಬೇಕಾ?

* * *

ಕಾಯಿಲ್ ಒಂದೇ ಸಾಕು, ಒಳ್ಳೆಯ ಕಂಪನಿಯದೇ ಹಾಕಿ. ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ಉಳಿದ ಮೂರಕ್ಕೆ ಬೂಟ್ ಬದಲಿಸಿ, ಬೂಟ್ ಬಿಡಿಯಾಗಿ ಸಿಗುವ ಕಾಯಿಲುಗಳೂ ಇವೆ. ಪ್ಲಗ್ ಮಾತ್ರ ನಾಲ್ಕನ್ನೂ ಹಾಕಿ, ಒಟ್ಟಿಗೇ ಸವೆದಿರುತ್ತವೆ. ಎಲ್ಲಕ್ಕಿಂತ ಮೊದಲು ಟ್ಯಾಪೆಟ್ ಕವರ್ ಪ್ಯಾಕಿಂಗ್. ಅದನ್ನು ಬಿಟ್ಟು ಹೊಸ ಕಾಯಿಲ್ ಹಾಕಿದರೆ ಪ್ರಯೋಜನವಿಲ್ಲ.

ಪ್ಲಗ್ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹಾಳಾದರೆ ಹೆಡ್ಡೇ ಬಿಚ್ಚಬೇಕಾಗಬಹುದು. ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಬಳಸಿ. 14 ಮಿ.ಮೀ. ಥ್ರೆಡ್ಡಿನ ಪ್ಲಗ್‌ಗೆ ಸುಮಾರು 25 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20. ನಿಮ್ಮ ಮ್ಯಾನ್ಯುವಲ್‌ನಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಇರಿಡಿಯಂ ಪ್ಲಗ್ ಆದರೆ ಗ್ಯಾಪ್ ಸರಿ ಮಾಡುತ್ತೇನೆ ಅಂತ ತುದಿ ಮೀಟಬೇಡಿ, ಸೂಜಿಯಷ್ಟು ಸಣ್ಣದು, ಮುರಿಯುತ್ತದೆ. ಬೂಟ್ ಒಳಗಿನ ಅಂಚಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯಗೊಡದ ಗ್ರೀಸ್) ಸವರಿ. ಆಮೇಲೆ ಕೋಡ್ ಅಳಿಸಿ, ಅದೇ ಏರು ಹತ್ತಿಸಿ, ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡ್ ಬಂದಿದೆಯಾ ನೋಡಿ. ಲೈಟು ಹತ್ತುವ ಮೊದಲೇ ಅಲ್ಲಿ ಗೊತ್ತಾಗುತ್ತದೆ.