ಕೆಲಸದ ನಡುವೆ ಕಥೆ ಬರೆಯುವವರು ದಿನವನ್ನು ಹೇಗೆ ಹೊಂದಿಸುತ್ತೀರಿ?

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಚಿಕ್ಕ ಮಗು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಒಂದು ಕಥೆ ಕಳುಹಿಸಬೇಕೆಂಬ ಆಸೆಯಿದೆ. ಕೂತರೆ ಏನೂ ಹೊಳೆಯುವುದಿಲ್ಲ, ಹೊಳೆದಾಗ ಕೂರಲು ಆಗುವುದಿಲ್ಲ. ನೀವೆಲ್ಲ ದಿನವೂ ಬರೆಯುತ್ತೀರಾ? ಕಥೆಗೆ ವಸ್ತು ಎಲ್ಲಿ ಸಿಗುತ್ತದೆ?

ಹಾಸನದಿಂದ, ತಾಲ್ಲೂಕು ಕಚೇರಿಯ ನೌಕರೆ:

ಬೆಳಿಗ್ಗೆ ಐದರಿಂದ ಆರೂವರೆಯವರೆಗೆ ನನ್ನ ಬರವಣಿಗೆಯ ಹೊತ್ತು. ಮೊಬೈಲ್ ಅಡುಗೆಮನೆಯಲ್ಲಿರುತ್ತದೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯುತ್ತೇನೆ, ಇನ್ನೊಂದು ಮಗ್ಗುಲು ತಿದ್ದುಪಡಿಗೆ. ಕಥೆ ಮುಂದೆ ಸಾಗದ ದಿನ ಹಿಂದಿನ ಪುಟವನ್ನೇ ಮತ್ತೆ ನಕಲು ಮಾಡುತ್ತೇನೆ. ಕಣ್ಣಿಗೆ ಬೀಳದ ಸಡಿಲ ವಾಕ್ಯ ಕೈಗೆ ಸಿಕ್ಕಿಬೀಳುತ್ತದೆ.

ವಸ್ತುವಿನ ವಿಷಯಕ್ಕೆ ಬಂದರೆ, ನಾನು ಕೂಡಿಡುವುದು ಜನರ ಮಾತುಗಳನ್ನು, ಅವರು ಆಡಿದ ಹಾಗೆಯೇ. ಪಡಿತರ ಚೀಟಿಯಿಂದ ತೀರಿಹೋದ ಗಂಡನ ಹೆಸರು ತೆಗೆಸಲು ಬಂದಿದ್ದ ಹೆಂಗಸೊಬ್ಬರು, ಅರ್ಜಿ ಕೊಟ್ಟ ಮೇಲೆ ಮತ್ತೆ ಕೈಚಾಚಿ, "ಈ ತಿಂಗಳು ಇರಲಿ ಬಿಡಿ ಮೇಡಂ" ಎಂದರು. ಹೆಸರಿದ್ದ ಸಾಲಿನ ಮೇಲೆ ಮಡಿಕೆ ಬೀಳದಂತೆ ಚೀಟಿಯನ್ನು ಮಡಚಿಟ್ಟುಕೊಂಡರು. ಆ ರಾತ್ರಿಯೇ ಅದನ್ನು ಬರೆದಿಟ್ಟೆ. ಬೆಳಗಾದರೆ ಮಾತಿನ ಧಾಟಿ ಹೋಗಿ ಬರೀ ಸಾರಾಂಶ ಉಳಿಯುತ್ತದೆ. ಅದು ಕಥೆಯಾದದ್ದು ಎಷ್ಟೋ ಕಾಲದ ಮೇಲೆ. ಸತ್ತ ಅಪ್ಪನ ಮೊಬೈಲ್ ಸಂಖ್ಯೆಗೆ ಮಗ ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದಾನೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ಅದೇ ಪುಸ್ತಕದಲ್ಲಿ ಬೇರೆ ಕಡೆ ಇತ್ತು. ಎರಡನ್ನೂ ಒಟ್ಟಿಗೆ ಓದಿದಾಗ ಆ ತಾಯಿಯೂ ಈ ಮಗನೂ ಒಂದೇ ಮನೆಯವರಾದರು. ನನ್ನ ಅನುಭವದಲ್ಲಿ ಒಂಟಿ ಮಾತಿನಿಂದ ಕಥೆ ಏಳುವುದು ಅಪರೂಪ. ಆದ್ದರಿಂದ ಪುಸ್ತಕ ತುಂಬುವುದಷ್ಟೇ ಸಾಲದು, ಆಗಾಗ ಮೊದಲಿನಿಂದ ಓದುತ್ತಿರಬೇಕು.

ಒಂದು ಮಾತು ಮಾತ್ರ ಮರೆಯಬೇಡಿ. ಊರು, ಸಂಬಂಧ, ಕಸುಬು ಎಲ್ಲವನ್ನೂ ಬದಲಿಸಿ. ಬ್ಯಾಂಕಿನಲ್ಲಿ ನಿಮ್ಮನ್ನು ನಂಬಿ ಕಷ್ಟ ಹೇಳಿಕೊಂಡವರನ್ನು ಕಥೆ ಓದಿದವರು ಗುರುತು ಹಿಡಿಯುವಂತಾಗಬಾರದು.

ಧಾರವಾಡದಿಂದ, ನಿವೃತ್ತ ಉಪನ್ಯಾಸಕ:

ನೌಕರಿ ಕಥೆಗೆ ಅಡ್ಡಿಯೆಂದು ಭಾವಿಸಬೇಡಿ. ಮಾಸ್ತಿಯವರ ಮೊದಲ ಕಥಾಸಂಕಲನ 1920ರಲ್ಲಿ ಬಂದಾಗ ಅವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು. ಆದರೆ ದಿನವೂ ಬರೆಯಲೇಬೇಕೆಂಬ ನಿಯಮ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವು ವಸ್ತುಗಳಿಗೆ ಬರೆಯುವುದಕ್ಕಿಂತ ಮೊದಲು ಓಡಾಟ ಬೇಕು. 1979ರಲ್ಲಿ ಪ್ರಕಟವಾದ, ಮಹಾಭಾರತದ ಕಥೆಯನ್ನಾಧರಿಸಿದ 'ಪರ್ವ' ಕಾದಂಬರಿಗಾಗಿ ಭೈರಪ್ಪನವರು ಬಹುಪತಿತ್ವದ ರೂಢಿಯಿದ್ದ ಹಿಮಾಲಯದ ಹಳ್ಳಿಗಳಿಗೆ ಹೋಗಿ ಬಂದಿದ್ದರು. ನಿಮಗೆ ಅಷ್ಟು ದೂರದ ಪ್ರಯಾಣ ಬೇಡ. ಕಥೆಯಲ್ಲಿ ಸಂತೆ ಬಂದರೆ ಒಂದು ವಾರ ಸಂತೆಗೆ ಹೋಗಿ, ಮಾರುವವರು ಗಂಟು ಬಿಚ್ಚುವ ಹೊತ್ತಿನಿಂದ ಕಟ್ಟುವವರೆಗೆ ಅಲ್ಲಿರಿ.

ಮೈಸೂರಿನಿಂದ, ಎರಡು ಮಕ್ಕಳ ತಾಯಿ:

ಮಗು ಚಿಕ್ಕದಿರುವಾಗ ಬೆಳಗಿನ ಐದು ಗಂಟೆ ನಮ್ಮದಾಗಿರುವುದಿಲ್ಲ. ಮಗುವನ್ನು ತಟ್ಟಿ ಮಲಗಿಸಿದ ಮೇಲೆ ಪಾತ್ರಗಳ ಸಂಭಾಷಣೆಯನ್ನು ಮೆಲ್ಲಗೆ ಹೇಳಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಬಾಯಲ್ಲಿ ಆಡಿದಾಗ ಕೃತಕವಾದ ಮಾತು ತಕ್ಷಣ ತಿಳಿಯುತ್ತದೆ. ಭಾನುವಾರ ಮಗುವನ್ನು ಮನೆಯವರ ಕೈಗೆ ಕೊಟ್ಟು, ಬಾಗಿಲು ಹಾಕಿಕೊಂಡು ಅದನ್ನೆಲ್ಲ ಹಾಳೆಗೆ ಇಳಿಸುತ್ತಿದ್ದೆ. ಆ ಎರಡು ಗಂಟೆಯನ್ನು ನೀವೂ ಮನೆಯಲ್ಲಿ ಸ್ಪಷ್ಟವಾಗಿ ಕೇಳಿ ಪಡೆಯಿರಿ, ಸಂಕೋಚ ಬೇಡ. ಸ್ಪರ್ಧೆಯ ಪ್ರಕಟಣೆ ಬಂದ ಕೂಡಲೇ ಪದಮಿತಿಯನ್ನೂ ಕೊನೆಯ ದಿನಾಂಕವನ್ನೂ ನೋಡಿಕೊಂಡುಬಿಡಿ.